ಪಾವಗಡದ ಮರುಮೌಲ್ಯಮಾಪನ

ನಾನು ಫೇಲು ಮಾಡಿದ ಮೊದಲ ಕಾದಂಬರಿಗೆ ನೂರಕ್ಕೆ ಮೂವತ್ತನಾಲ್ಕು ಕೊಟ್ಟಿದ್ದೆ. ಪಾಸಾಗಲು ಮೂವತ್ತೈದು ಬೇಕು. ಒಂದು ಅಂಕ ಕೂಡಿಸಿ ದಡ ಹತ್ತಿಸಬಹುದಿತ್ತು, ಹತ್ತಿಸಲಿಲ್ಲ. ಹತ್ತನೇ ತರಗತಿಯ ಇಂಗ್ಲಿಷ್ ಪೇಪರ್ ತಿದ್ದಲು ಅನಂತಪುರಕ್ಕೆ ಹೋದಾಗಲೂ ನನ್ನದು ಇದೇ ಗುಣ. ನನ್ನ ಕೈಗೆ ಬಿದ್ದ ಪೇಪರು ಯಾರದೋ ಪಾಪ ಎಂದು ಪಕ್ಕದ ಮೇಜಿನವರು ಗೊಣಗುತ್ತಿದ್ದರು. ಆ ಮೂವತ್ತನಾಲ್ಕರಿಂದ ನನ್ನ ಬದುಕಿನ ಒಂದು ಒಳ್ಳೆಯ ವರ್ಷ ಶುರುವಾಯಿತು. ಅದು ಮುಗಿದದ್ದು ಒಂದು ವರ್ಗಾವಣೆಯಿಂದ. ಊರೆಲ್ಲ ಸಿಹಿ ಕೇಳಿದ ಆ ವರ್ಗಾವಣೆ ಬರಬಾರದಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ನಮ್ಮ ಮನೆ ಹಿಂದೂಪುರದಲ್ಲಿ. ನಮ್ಮವರದು ನೇಕಾರರ ಮನೆತನ. ಮಾವನವರ ಕಾಲಕ್ಕೆ ನಡುಮನೆಯಲ್ಲೇ ಎರಡು ಮಗ್ಗ ಇದ್ದವಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಗ್ಗ ಹೋಗಿ, ಮಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆದರೆ ಎಡಕ್ಕೂ ಬಲಕ್ಕೂ ಇದ್ದ ಮನೆಗಳಲ್ಲಿ ಪವರ್‌ಲೂಮ್ ಕೂತಿದ್ದವು. ಬೆಳಗಾದರೆ ಅದೇ ಲಟಪಟ. ಅದರ ನಡುವೆ ಬೆಳೆದ ನಮ್ಮವರಿಗೆ ಮೆಲ್ಲಗೆ ಮಾತಾಡುವುದು ಎಂದರೇನೆಂದೇ ಗೊತ್ತಿರಲಿಲ್ಲ. ಒಂದು ಲೋಟ ನೀರು ಕೊಡು ಎಂದರೆ ಬೀದಿಯ ಕೊನೆಯ ಮನೆಯವರೂ ತಿರುಗಿ ನೋಡಬೇಕು.

ಮದುವೆಯಾಗಿ ಹದಿನೆಂಟು ವರ್ಷ ಕಳೆದಿತ್ತು. ಒಬ್ಬಳೇ ಮಗಳು ಅನಂತಪುರದ ಹಾಸ್ಟೆಲ್ಲಿನಲ್ಲಿ ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದಳು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಮ್ಮಿಬ್ಬರ ಮಾತು ಎಂದರೆ ಗ್ಯಾಸ್ ಬುಕ್ ಮಾಡಿದಿರಾ, ಕರೆಂಟ್ ಬಿಲ್ ಬಂತಾ, ಅತ್ತೆಯ ಮಂಡಿಗೆ ಎಣ್ಣೆ ತಂದಿರಾ. ಜಗಳ ಇರಲಿಲ್ಲ. ಜಗಳವಾಡಲು ಬೇಕಾದಷ್ಟು ವಿಷಯವೂ ಇರಲಿಲ್ಲ. ಇಬ್ಬರೂ ಒಳ್ಳೆಯವರೇ, ಸಂಸಾರ ಸಲೀಸಾಗಿ ನಡೆಯುತ್ತಿದೆ ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ತರಬೇತಿ ಕೊಡಲು ಬಂದಿದ್ದ ಹುಡುಗನ ವಯಸ್ಸು ನನ್ನ ಸರ್ವೀಸಿಗಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೆ. ಅವನು ನಗುನಗುತ್ತಲೇ ಕೇಳಿದ: ಕಳೆದ ಒಂದು ವರ್ಷದಲ್ಲಿ ಪಠ್ಯಪುಸ್ತಕ ಬಿಟ್ಟು ಒಂದು ಕಾದಂಬರಿ ಓದಿದವರು ಕೈ ಎತ್ತಿ. ಹಾಲಿನಲ್ಲಿ ಅಷ್ಟೊಂದು ಜನ ಇದ್ದೆವು, ಒಂದು ಕೈಯೂ ಮೇಲೆ ಹೋಗಲಿಲ್ಲ. ಎಲ್ಲರೂ ನಕ್ಕು ಸುಮ್ಮನಾದರು. ನನಗೆ ಮಾತ್ರ ಮೈ ಉರಿದುಹೋಯಿತು. ಇಂಗ್ಲಿಷ್ ಹೇಳಿಕೊಟ್ಟು ಸಂಬಳ ತಗೊಳ್ಳುವವಳಿಗೆ ಅವನು ಹಾಗೆ ಕೇಳಿದ್ದಕ್ಕೆ ಸಿಟ್ಟೋ, ಕೇಳಿದ್ದು ಸರಿಯಾಗಿದ್ದದ್ದಕ್ಕೆ ಸಿಟ್ಟೋ ಹೇಳಲಾರೆ. ವರ್ಷಪೂರ್ತಿ ವಾರಕ್ಕೊಂದು ಕಾದಂಬರಿ ಓದಿಯೇ ತೀರುತ್ತೇನೆ ಎಂದು ಅಲ್ಲೇ ಕುರ್ಚಿಯಲ್ಲಿ ಕೂತು ಹಟ ತೊಟ್ಟೆ.

ಹಟಕ್ಕೆ ತಕ್ಕ ಜಾಗವೂ ಸಿಕ್ಕಿತು. ಜೂನ್ ತಿಂಗಳ ಕಡ್ಡಾಯ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ನನ್ನ ಸರದಿ ಬರುವಾಗ ಉಳಿದಿದ್ದ ಊರುಗಳಲ್ಲಿ ಕಲ್ಯಾಣದುರ್ಗವೇ ವಾಸಿ ಎನ್ನುವ ಹಾಗಿತ್ತು. ದಿನಾ ಹೋಗಿ ಬರುವ ದೂರವಲ್ಲ. ನಾನು ಹೋಗುತ್ತಿದ್ದದ್ದು ಪಾವಗಡದ ಮೇಲೆ. ಆಂಧ್ರದಲ್ಲಿ ಬಸ್ಸು ಹತ್ತಿ, ಕರ್ನಾಟಕದ ಪಾವಗಡದಲ್ಲಿ ಇಳಿದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಕಂಬದೂರು ದಾಟಿ ಮತ್ತೆ ಆಂಧ್ರದ ಕಲ್ಯಾಣದುರ್ಗ ಸೇರಬೇಕು. ಸೋಮವಾರ ಕೋಳಿ ಕೂಗುವಾಗ ಮನೆ ಬಿಟ್ಟರೆ ಮತ್ತೆ ಮನೆ ಕಾಣುವುದು ಶನಿವಾರ ರಾತ್ರಿ. ಅತ್ತೆಗೆ ಚಿಂತೆ ಹತ್ತಿತು.

"ವಾರವೆಲ್ಲ ಹೆಂಗಮ್ಮ ಇರ್ತೀಯ ಒಬ್ಳೇ? ಇವ್ನಿಗೆ ಮುದ್ದೆ ತಿರುವಿ ಹಾಕೋರ್ಯಾರು?"

"ಅವರೇ ತಿರುವಿಕೊಳ್ಳಲಿ ಅತ್ತೆ, ಗಣಿತದವರಲ್ಲವಾ, ಉಂಡೆ ಚೆನ್ನಾಗಿ ಬರುತ್ತೆ" ಎಂದೆ. ನಗಿಸಲು ಹೇಳಿದ ಮಾತು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು.

ಕಲ್ಯಾಣದುರ್ಗದಲ್ಲಿ ಒಂದು ಮನೆಯ ಹಿಂದಿನ ರೂಮು ಬಾಡಿಗೆಗೆ ಸಿಕ್ಕಿತು. ಮುಂದಿನ ಭಾಗದಲ್ಲಿ ಮನೆಯೊಡತಿ ಅಜ್ಜಿ ಇದ್ದರು. ಬಿತ್ತನೆಯ ಕಾಲವಾದ್ದರಿಂದ ಅವರ ಪಡಸಾಲೆಯಲ್ಲಿ ಕಡಲೆಕಾಯಿ ರಾಶಿ ಬಿದ್ದಿತ್ತು. ಸಂಜೆಯಾದರೆ ಬೀಜ ಸುಲಿಯುವ ಕೆಲಸ. ಟಿವಿ ಇಲ್ಲ, ಮೊಬೈಲು ನಮ್ಮ ಮನೆಗಿನ್ನೂ ಬಂದಿರಲಿಲ್ಲ. ನಾನೂ ಅಜ್ಜಿಯ ಪಕ್ಕ ಕೂತು ಮಡಿಲಲ್ಲಿ ಪುಸ್ತಕ, ಮುಂದೆ ಮೊರ ಇಟ್ಟುಕೊಂಡು ಸುಲಿಯುತ್ತಾ ಓದುತ್ತಿದ್ದೆ. ಓದಿ ಮುಗಿಸಿದಾಗ ಬ್ಯಾಗಿನಿಂದ ಕೆಂಪು ಪೆನ್ನು ತೆಗೆಯುತ್ತಿದ್ದೆ. ಅದು ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತು ವರ್ಷ ಪೇಪರು ತಿದ್ದಿದ ಕೈಗೆ, ಓದಿದ ಮೇಲೆ ಅಂಕ ಹಾಕದಿದ್ದರೆ ಓದಿದ ಹಾಗೇ ಆಗುತ್ತಿರಲಿಲ್ಲ.

"ಪರೀಕ್ಷೆ ಕಟ್ಟಿದ್ದೀಯಾ ಟೀಚರಮ್ಮ? ಈ ವಯಸ್ನಾಗೆ ಯಾವ್ ಪರೀಕ್ಷೆ ಕಣಮ್ಮ?" ಎಂದು ಅಜ್ಜಿ ಕೇಳಿದರು.

"ಪರೀಕ್ಷೆ ಅಲ್ಲ ಅಜ್ಜಿ, ಕತೆ ಪುಸ್ತಕ."

"ಕತೆಗ್ಯಾಕಮ್ಮ ಕೆಂಪು ಪೆನ್ನು?"

ಕತೆಗೆ ಇಷ್ಟು, ಪಾತ್ರಗಳಿಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು ಎಂದು ನನ್ನದೇ ಒಂದು ಲೆಕ್ಕ ಮಾಡಿಕೊಂಡಿದ್ದೆ. ಅಕ್ಷರ ಸಣ್ಣದಾಗಿ ಅಚ್ಚು ಹಾಕಿದ್ದರೆ ಎರಡು ಅಂಕ ಕಡಿತ. ನನ್ನ ಸ್ವಂತದ ಪುಸ್ತಕವಾದರೆ ಕೊನೆಯ ಖಾಲಿ ಹಾಳೆಯಲ್ಲೇ ಬರೆಯುತ್ತಿದ್ದೆ, ಲೈಬ್ರರಿಯದಾದರೆ ಚೀಟಿಯಲ್ಲಿ. ಸ್ವಂತದವು ಹೆಚ್ಚಿನವು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಇಂಗ್ಲಿಷ್ ಕಾದಂಬರಿಗಳು.

ಮೂವತ್ತನಾಲ್ಕು ತೆಗೆದುಕೊಂಡದ್ದೂ ಅಂಥದೇ ಒಂದು. ಅದರಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಬೀದಿಯ ಆಚೆ ಅವನ ಮನೆ, ಈಚೆ ಅವಳದು. ಏನೋ ಮುನಿಸು. ಇಬ್ಬರಿಗೂ ಮಾತಾಡುವ ಆಸೆ; ಅವನು ಮೊದಲು ಬರಲಿ ಎಂದು ಇವಳು, ಇವಳು ಬರಲಿ ಎಂದು ಅವನು. ಮುನ್ನೂರು ಪುಟ ಹೀಗೇ ಹೋಗಿ, ಕೊನೆಗೆ ಒಂದು ಮನೆಯ ಬಾಗಿಲು ಮುಚ್ಚುತ್ತದೆ. ಓದುತ್ತಾ ಓದುತ್ತಾ ನನಗೆ ಇಬ್ಬರ ಕಪಾಳಕ್ಕೂ ಹೊಡೆಯಬೇಕು ಅನ್ನಿಸಿತ್ತು.

ಆ ಭಾನುವಾರ ಹಿಂದೂಪುರದ ಮನೆಯಲ್ಲಿ ನಮ್ಮವರು ತಿನ್ನಲು ಏನಾದರೂ ತಂದಿದ್ದೇನಾ ಎಂದು ನನ್ನ ಬ್ಯಾಗಿಗೆ ಕೈ ಹಾಕಿದರು. ಸಿಕ್ಕಿದ್ದು ಪುಸ್ತಕ. ಹಿಂದಿನ ಹಾಳೆ ತೆರೆದು ನೋಡಿ ಬೆಚ್ಚಿದರು.

"ಯಾರ ಮಗು ಹೊಟ್ಟೆ ಮೇಲೆ ಹೊಡೆದ್ಯೇ? ಒಂದು ಮಾರ್ಕಿಗೆ ಫೇಲ್ ಮಾಡ್ಬುಟ್ಟಿದ್ದೀಯಲ್ಲ!"

"ಮಗು ಅಲ್ಲ ರೀ. ಕಾದಂಬರಿ."

"ಕಾದಂಬರಿ ಆದ್ರೇನು? ಮೂವತ್ನಾಲ್ಕಕ್ಕೆ ನಿಲ್ಸೋದು ನ್ಯಾಯನಾ? ಮಾಡರೇಷನ್ ಕೊಡು."

"ಕೊಡಲ್ಲ. ಇಬ್ಬರಲ್ಲಿ ಒಬ್ಬರು ಒಂದು ಮಾತು ಬಾಯಿಬಿಟ್ಟು ಆಡಿದ್ರೆ ನಲವತ್ತನೇ ಪುಟಕ್ಕೆ ಮುಗಿಯೋ ಕತೆ. ಇಷ್ಟು ದಡ್ಡರು ಎಲ್ಲಾದ್ರೂ ಇರ್ತಾರಾ?"

"ಹಂಗಾದ್ರೆ ರೀವ್ಯಾಲ್ಯುಯೇಷನ್‌ಗೆ ಹಾಕ್ತೀನಿ. ಕೊಡಿಲ್ಲಿ."

ತಮಾಷೆ ಎಂದುಕೊಂಡೆ. ನಮ್ಮವರು ಪಠ್ಯ ಬಿಟ್ಟು ಇನ್ನೊಂದು ಪುಸ್ತಕ ಹಿಡಿದದ್ದನ್ನು ನಾನು ನೋಡಿರಲಿಲ್ಲ, ಅದೂ ಇಂಗ್ಲಿಷಿನದು. ಆದರೆ ಮುಂದಿನ ಶನಿವಾರ ಮನೆಗೆ ಬಂದಾಗ ಪುಸ್ತಕ ಊಟದ ಮೇಜಿನ ಮೇಲಿತ್ತು. ನನ್ನ ಕೆಂಪು ಮೂವತ್ತನಾಲ್ಕರ ಕೆಳಗೆ ಹಸಿರು ಶಾಯಿಯಲ್ಲಿ ಐವತ್ತೆರಡು. ಪೇಪರ್ ತಿದ್ದುವ ಹಾಲಿನಲ್ಲಿ ನಾವು ತಿದ್ದಿದ್ದನ್ನು ಮತ್ತೆ ನೋಡಲು ಒಬ್ಬ ಚೀಫ್ ಇರುತ್ತಾನೆ, ಅವನದು ಹಸಿರು. ತಾವೇ ಚೀಫ್ ಆಗಿಬಿಟ್ಟಿದ್ದರು.

"ಇರ್ತಾರೆ ಕಣೇ ಅಂಥ ದಡ್ರು" ಎಂದರು. "ನಮ್ಮಪ್ಪ, ನಮ್ಮ ಚಿಕ್ಕಪ್ಪ ಮಗ್ಗ ಹಂಚ್ಕೊಂಡ್ ಮೇಲೆ ಎಷ್ಟೋ ವರ್ಷ ಮಾತಾಡ್ಲಿಲ್ಲ. ಹಬ್ಬ ಬಂದ್ರೆ ನಮ್ಮಪ್ಪ ಒಬ್ಬಟ್ಟು ಮಾತ್ರ ನನ್ ಕೈಲಿ ಕಳ್ಸೋರು. ಅಪ್ಪ ಕಳ್ಸಿದ್ದು ಅಂತ ಹೇಳ್ಬ್ಯಾಡ, ಅಮ್ಮ ಕಳ್ಸಿದ್ದು ಅನ್ನು ಅನ್ನೋರು."

ಹದಿನೆಂಟು ವರ್ಷ ಆ ಮನೆಯಲ್ಲಿ ಒಬ್ಬಟ್ಟು ಬೇಯಿಸಿದ್ದೆ. ಈ ವಿಷಯ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಅದು ಪದ್ಧತಿಯಾಯಿತು. ಒಂದು ವಾರ ಕಲ್ಯಾಣದುರ್ಗದಲ್ಲಿ ನಾನು ಓದುವುದು, ಮುಂದಿನ ವಾರ ಹಿಂದೂಪುರದಲ್ಲಿ ಅವರು. ದಪ್ಪ ಪುಸ್ತಕವಾದರೆ ಅವರಿಗೆ ಇನ್ನೊಂದು ವಾರ ಗಡುವು. ಬೆರಳಲ್ಲಿ ಗೆರೆ ಹಿಡಿದು, ಡಿಕ್ಷನರಿ ಪಕ್ಕಕ್ಕಿಟ್ಟು, ಲೆಕ್ಕ ಬಿಡಿಸುವ ಹಾಗೆ ಓದುತ್ತಿದ್ದರು. ತಿದ್ದುವುದೂ ಗಣಿತದ ಹಾಗೇ. ಉತ್ತರ ತಪ್ಪಾದರೂ ಸ್ಟೆಪ್ಪಿಗೆ ಮಾರ್ಕು ಇದೆ ಎನ್ನುವುದು ಅವರ ವಾದ. "ಹದಿನೈದನೇ ಅಧ್ಯಾಯದವರ್ಗೂ ಸ್ಟೆಪ್ಸೆಲ್ಲ ಸರಿ ಐತೆ. ಆಮೇಲೆ ಆನ್ಸರ್ ಮೊದ್ಲೇ ನೋಡ್ಕೊಂಡು ಹಿಂದಕ್ಕೆ ಮಾಡ್ಕೊಂಬಂದವ್ನೆ" ಎಂದು ಒಂದು ಕಾದಂಬರಿಯ ಬಗ್ಗೆ ಹೇಳಿದರು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಅದಕ್ಕಿಂತ ಸರಿಯಾಗಿ ಆ ಪುಸ್ತಕದ ಬಗ್ಗೆ ಹೇಳಲು ಬರುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳದೆ, ನಿಮಗೆ ಸಾಹಿತ್ಯ ಎಲ್ಲಿ ತಿಳಿಯಬೇಕು ಎಂದು ರೇಗಿಸಿದೆ.

ಪಾವಗಡ ಶುರುವಾದದ್ದು ದಸರಾ ರಜೆ ಮುಗಿದ ಮೇಲೆ. ಒಂದು ಶನಿವಾರ ಕಲ್ಯಾಣದುರ್ಗದ ಬಸ್ಸಿನಿಂದ ಅಲ್ಲಿ ಇಳಿದು ಹಿಂದೂಪುರದ ಬಸ್ಸು ಹುಡುಕುತ್ತಿದ್ದೆ. ಕತ್ತಲಾಗುತ್ತಿತ್ತು. ಜನರ ಗಲಾಟೆಯ ಮೇಲೆ ಒಂದು ಗಂಟಲು ಕೇಳಿಸಿತು. ಮುಖ ಕಾಣುವ ಮೊದಲೇ ಗುರುತು ಹತ್ತಿತು.

"ಏಯ್, ಇಲ್ಲಿ! ಇಲ್ಲಿ ಕಣೇ!"

ಅತ್ತೆಗೆ ಏನೋ ಆಗಿದೆ, ಇಲ್ಲವೇ ಮಗಳಿಗೆ. ಓಡಿದೆ. ನಮ್ಮವರು ಪುಸ್ತಕ ಹಿಡಿದು ಕ್ಯಾಂಟೀನಿನ ಮುಂದೆ ನಿಂತಿದ್ದರು.

"ಆ ಡಾಕ್ಟ್ರು ಊರು ಬಿಟ್ಟು ಹೋಗಿದ್ದು ಸರಿನಾ, ತಪ್ಪಾ? ಮೊದ್ಲು ಅದು ಹೇಳು."

"ಅದಕ್ಕೆ ಇಲ್ಲಿವರೆಗೂ ಬಂದಿರಾ?"

"ಮನೇಲಿ ತಡ್ಕಳಕ್ಕಾಗ್ಲಿಲ್ಲ. ಬಸ್ ಸಿಕ್ತು, ಬಂದ್ಬುಟ್ಟೆ."

ರೋಗಿಯೊಬ್ಬ ಸತ್ತ ಮೇಲೆ ಜನರ ಮುಖ ನೋಡಲಾರದೆ ಊರು ಬಿಡುವ ಒಬ್ಬ ಹಳ್ಳಿ ಡಾಕ್ಟರ ಕತೆ ಅದು. ಹೋಗಿದ್ದು ಸರಿ ಎಂದು ನಾನು. ತಪ್ಪು, ಮಿಕ್ಕ ರೋಗಿಗಳ ಗತಿ ಏನು ಎಂದು ಅವರು. ಕ್ಯಾಂಟೀನಿನ ಕಲ್ಲು ಬೆಂಚಿನ ಮೇಲೆ ಕೂತು ಮಸಾಲೆ ವಡೆ ತಿನ್ನುತ್ತಾ ಕಿತ್ತಾಡಿದೆವು. ಹಿಂದೂಪುರದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನಮ್ಮವರ ಗಂಟಲು ಕೇಳಿ ಕೇಳಿ ಸಾಕಾಗಿ, "ಬೀದೀಲಿ ಯಾಕಪ್ಪ ಜಗಳ? ಮನೇಗೆ ಹೋಗಿ ಆಡ್ಕಳ್ರಪ್ಪ" ಎಂದಳು. ಡಾಕ್ಟರಿಗೆ ನಾನು ಅರವತ್ತೆಂಟು ಕೊಟ್ಟಿದ್ದೆ, ಅವರು ನಲವತ್ತರ ಮೇಲೆ ಏಳಲಿಲ್ಲ.

ಮುದುಕಿಗೆ ಗೊತ್ತಿರಲಿಲ್ಲ, ಆ ಜಗಳ ಮನೆಯಲ್ಲಿ ಆಡಲು ಬರುತ್ತಿರಲಿಲ್ಲ. ಮನೆಯಲ್ಲಿ ಪವರ್‌ಲೂಮಿನ ಸದ್ದು, ಅತ್ತೆಯ ಕೂಗು, ಹಾಲಿನವನು, ಟ್ಯೂಷನ್ ಹುಡುಗರು. ಪಾವಗಡ ನಮ್ಮಿಬ್ಬರಿಗೂ ಸೇರಿದ ಊರಲ್ಲ. ಅಲ್ಲಿ ನಾವು ಮೇಡಮ್ಮೂ ಅಲ್ಲ, ಮೇಷ್ಟ್ರೂ ಅಲ್ಲ, ಸೊಸೆಯೂ ಅಲ್ಲ. ಬಸ್ಸಿನ ಬೋರ್ಡುಗಳು ಕೂಡ ಅಲ್ಲಿ ಕನ್ನಡದಲ್ಲಿರುತ್ತಿದ್ದವು. ಅದಾದ ಮೇಲೆ ಪ್ರತಿ ಶನಿವಾರ ಅವರು ಸ್ಕೂಲು ಬಿಟ್ಟವರೇ ಅಲ್ಲಿಗೆ ಬರತೊಡಗಿದರು. ಹಿಂದೂಪುರಕ್ಕೆ ಕಡೆಯ ಬಸ್ಸು ಹೊರಡುವವರೆಗೆ ಆ ಬೆಂಚು ನಮ್ಮದು. ಅತ್ತೆಗೆ ಇವರು ಸ್ಕೂಲಲ್ಲಿ ಸ್ಪೆಷಲ್ ಕ್ಲಾಸು ಎಂದಿದ್ದರು, ನಾನು ಬಸ್ಸು ಲೇಟು ಎಂದಿದ್ದೆ. ನಲವತ್ತು ದಾಟಿದ ಗಂಡ ಹೆಂಡತಿ ಕದ್ದು ಭೇಟಿಯಾಗುವುದನ್ನು ನೆನೆದು ಬಸ್ಸಿನಲ್ಲಿ ನನಗೇ ನಗು ಬರುತ್ತಿತ್ತು. ಶನಿವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಡತೊಡಗಿದ್ದೆ. ಅಜ್ಜಿ ಅದನ್ನು ಗಮನಿಸಿದ್ದರು.

ಮಾತು ಪುಸ್ತಕದಲ್ಲಿ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಮದುವೆಯಾದ ಮೇಲೆ ಹಾಡುವುದನ್ನು ಬಿಟ್ಟುಬಿಡುವ ಒಬ್ಬ ಹೆಂಗಸಿನ ಕತೆ ಓದಿದ್ದೆವು. ಅವಳಿಗೆ ಬಿಡು ಎಂದು ಯಾರೂ ಹೇಳಿರುವುದಿಲ್ಲ. ಹಾಡು ಎಂದೂ ಯಾರೂ ಹೇಳಿರುವುದಿಲ್ಲ. ನಮ್ಮವರು ಆ ದಿನ ಅಂಕದ ಸುದ್ದಿಗೇ ಬರದೆ ಟೀ ಲೋಟ ತಿರುವುತ್ತಾ ಕೂತಿದ್ದರು. ಆಮೇಲೆ ಕೇಳಿದರು.

"ನೀನು ಏನಾದ್ರೂ ಬಿಟ್ಟಿದ್ದೀಯೇನೇ, ಆ ಥರ?"

ಕೆಲಸದಲ್ಲಿದ್ದಾಗಲೇ ಮೈಸೂರಿನಲ್ಲಿ ಎಂ.ಎ.ಗೆ ಸೀಟು ಸಿಕ್ಕಿತ್ತು, ಮದುವೆ ಗೊತ್ತಾದ್ದರಿಂದ ಹೋಗಲಿಲ್ಲ ಎಂದೆ. ಅಷ್ಟು ಹೇಳಲು ನನಗೆ ಹದಿನೆಂಟು ವರ್ಷ ಹಿಡಿದಿತ್ತು, ಕೇಳಲು ಅವರಿಗೂ ಅಷ್ಟೇ.

"ನೀವು?" ಎಂದೆ.

"ನಂಗೆ ಮೇಷ್ಟ್ರಾಗೋ ಆಸೆನೇ ಇರ್ಲಿಲ್ಲ. ಸೀರೆ ಅಂಚು ಹಾಕೋದು ಇಷ್ಟ ಇತ್ತು. ಯಾವ ಎಳೆ ಎಲ್ಲಿ ಎತ್ತಿದ್ರೆ ಹೂವು ಬತ್ತದೆ ಅಂತ ಲೆಕ್ಕ ಹಾಕ್ತಾ ಕೂತ್ರೆ ಊಟ ಬ್ಯಾಡ. ನಮ್ಮಪ್ಪ ಮಗ್ಗ ಮಾರಿ, ಹೋಗ್ಲಾ ಬಿ.ಇಡಿ ಮಾಡು ಅಂದ್ಬುಟ್ರು."

ನಾನು ಉಟ್ಟಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು, ಇದು ಹೀಗೆ ಬರುತ್ತದೆ, ಇಲ್ಲಿ ತಪ್ಪಿದ್ದಾನೆ ನೋಡು ಎಂದು ತೋರಿಸಿದರು. ಬಸ್‌ಸ್ಟ್ಯಾಂಡಿನ ಬಲ್ಬಿನ ಬೆಳಕಿನಲ್ಲಿ, ಅಷ್ಟು ಜನರ ನಡುವೆ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಆ ಕಾದಂಬರಿಗೆ ಅವರು ಕೊಟ್ಟದ್ದು ನನಗಿಂತ ಹೆಚ್ಚು. ಹೀಗಾದದ್ದು ಅದೊಂದೇ ಸಲ ಅಲ್ಲ, ಹೆಂಗಸರ ದುಃಖಕ್ಕೆ ಅವರು ಯಾವಾಗಲೂ ಧಾರಾಳಿ. ನಾನೇ ಕಟುಕಿ.

ಬೇಸಿಗೆ ಬಂತು. ವರ್ಗಾವಣೆ ಕೌನ್ಸೆಲಿಂಗಿನ ಸುತ್ತೋಲೆಯೂ ಬಂತು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಕೆಲಸದಲ್ಲಿದ್ದರೆ ಒಂದೇ ಊರಿಗೆ ಬರಲು ಹೆಚ್ಚಿನ ಪಾಯಿಂಟ್ ಇರುತ್ತದೆ. ಆ ಸಲ ಒಂದೇ ವರ್ಷ ಮುಗಿಸಿದವರಿಗೂ ಅದನ್ನು ಕೊಟ್ಟಿದ್ದರು. ಸ್ಟಾಫ್‌ರೂಮಿನಲ್ಲಿ ತೆಲುಗು ಮೇಡಂ ನನ್ನ ಕೈ ಹಿಡಿದು ಕುಲುಕಿದರು. "ಮೀಕೇಂ ಮೇಡಂ, ಸ್ಪೌಸ್ ಪಾಯಿಂಟ್ಸ್ ಉನ್ನಾಯಿ ಕದಾ! ಇಂಕ ಇಂಟಿಕೇ." ನಿಮಗೇನು, ಗಂಡ ಹೆಂಡತಿ ಪಾಯಿಂಟ್ ಇದೆಯಲ್ಲ, ಇನ್ನೇನು ಮನೆಗೇ ಅಂತೆ. ನಾನೂ ನಕ್ಕೆ. ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ ಎಂದು ಅವರೆದುರು ಹೇಗೆ ಹೇಳುವುದು? ಗಂಡನ ಊರಿಗೆ ಹೋಗುವ ಅವಕಾಶ ಕಾಲಬುಡಕ್ಕೆ ಬಂದಾಗ ಬೇಡ ಎಂದ ಟೀಚರನ್ನು ನಾನು ಕಂಡಿಲ್ಲ. ಹಾಗೆಂದರೆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಸಂಜೆಯೊಳಗೆ ಮೂರು ಮಂಡಲಕ್ಕೆ ಸುದ್ದಿ ಮುಟ್ಟುತ್ತದೆ.

ಆದರೆ ನನಗೆ ಬೇಡವಾಗಿತ್ತು. ಮನೆಗೆ ಹೋದರೆ ಶನಿವಾರ ಇರುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಇವರಿಗೆ ಹೇಳಬೇಕು, ಇವರಿಗೆ ಮಾತ್ರ ಹೇಳಬಹುದು ಎಂದುಕೊಂಡು ಆ ಶನಿವಾರ ಬಸ್ಸು ಹತ್ತಿದೆ. ಕಂಬದೂರಿನವರೆಗೂ ಮಾತನ್ನು ಜೋಡಿಸಿಕೊಂಡೆ.

ಬೆಂಚಿನ ಮೇಲೆ ನಮ್ಮವರು ಕೂತಿದ್ದರು. ಕೈಯಲ್ಲಿ ಪುಸ್ತಕವಿರಲಿಲ್ಲ. ವರ್ಗಾವಣೆಯ ಅರ್ಜಿ ಇತ್ತು. ಎಲ್ಲ ಕಾಲಮ್ಮುಗಳನ್ನೂ ತಮ್ಮ ದುಂಡು ಅಕ್ಷರದಲ್ಲಿ ತುಂಬಿಸಿಯೇ ತಂದಿದ್ದರು.

"ಇದೊಂದು ಬಂದೈತಲ್ಲ" ಎಂದರು.

"ಹೂಂ. ನಮ್ಮ ಸ್ಕೂಲಿಗೂ ಬಂದಿದೆ."

"ಹಾಕ್ತೀಯಾ?"

"ನೀವೇನಂತೀರಿ?"

"ನಂದೇನೈತೆ. ನಿನ್ನಿಷ್ಟ."

"ಅತ್ತೆಗೂ ಕೈಲಾಗಲ್ಲ."

"ಹೂಂ. ಅಮ್ಮಂಗೂ ಕೈಲಾಗಕಿಲ್ಲ."

ಅಷ್ಟೇ ಮಾತು. ತುಂಬಿಸಿ ತಂದಿದ್ದಾರಲ್ಲ, ಅಂದರೆ ನಾನು ಮನೆಗೆ ಬರಬೇಕೆಂದು ಇವರಿಗೆ ಅಷ್ಟು ಆಸೆ ಇದೆ. ಅದನ್ನು ಮುರಿಯುವುದು ಹೇಗೆ ಎಂದುಕೊಂಡೆ. ಬ್ಯಾಗಿಗೆ ಕೈ ಹಾಕಿದೆ, ಸಿಕ್ಕಿದ್ದು ಕೆಂಪು ಪೆನ್ನು.

"ಕೆಂಪಲ್ಲಿ ಹಾಕ್ಬ್ಯಾಡ ಕಣೇ, ರಿಜೆಕ್ಟ್ ಮಾಡ್ತಾರೆ" ಎಂದು ತಮ್ಮ ಜೇಬಿನ ನೀಲಿ ಪೆನ್ನು ಕೊಟ್ಟರು. ಸಹಿ ಹಾಕಿದೆ. ಆ ವಾರ ಓದಿ ಅರವತ್ತೊಂದು ಹಾಕಿದ್ದ ಕಾದಂಬರಿಯನ್ನು ಅವರ ಚೀಲಕ್ಕೆ ಸೇರಿಸಿದೆ.

"ಹೆಂಗೈತೆ?" ಎಂದರು.

"ಓದಿ ನೋಡಿ."

ಆ ದಿನ ನಾವು ಯಾವ ಬಸ್ಸನ್ನೂ ತಪ್ಪಿಸಿಕೊಳ್ಳಲಿಲ್ಲ. ಮೊದಲು ಬಂದ ಬಸ್ಸಿಗೇ ಹತ್ತಿದೆವು. ಅತ್ತೆ, "ಇವತ್ತೇನು ಬೇಗ ಬಂದ್ಬುಟ್ರಿ" ಎಂದು ಬಾಗಿಲು ತೆರೆದರು.

ವರ್ಗಾವಣೆ ಆಯಿತು. ಹಿಂದೂಪುರದಲ್ಲೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಹೈಸ್ಕೂಲು. ಅದೃಷ್ಟವಂತೆ ಎಂದರು ಎಲ್ಲರೂ. ರೂಮು ಖಾಲಿ ಮಾಡುವ ದಿನ ಅಜ್ಜಿ ಸುಲಿದ ಕಡಲೆಕಾಯಿಬೀಜದ ಒಂದು ಚೀಲ ಕೊಟ್ಟರು. "ಒಳ್ಳೇದಾತು ಕಣಮ್ಮ. ಇನ್ಮೇಲೆ ಗಂಡನ ಹತ್ರನೇ ಇರ್ತೀಯ. ಆ ಕೆಂಪು ಪೆನ್ನು ಬಿಡು ಇನ್ನ" ಎಂದರು. ಅಜ್ಜಿ ಹರಸಿದ್ದೇ ಆಯಿತು. ಪೆನ್ನು ಬಿಟ್ಟೇಹೋಯಿತು.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ಮೊದಲ ಕೆಲವು ಶನಿವಾರ ಊಟವಾದ ಮೇಲೆ ಪುಸ್ತಕ ಹಿಡಿದು ಕೂತೆವು. ಅತ್ತೆ ಕರೆಯುವರು, ಟ್ಯೂಷನ್ ಹುಡುಗರು ಬರುವರು. ಅದೆಲ್ಲ ನೆಪ, ನಿಜವಾದ ಕಾರಣ ಬೇರೆ. ನಾನು ಓದುವಾಗ ನನ್ನ ಮುಖ ಅವರಿಗೆ ಕಾಣುತ್ತಿತ್ತು. ನಾನು ನಕ್ಕರೆ ಅಲ್ಲೇ "ಏನದು?" ಎನ್ನುವರು, ನಾನು ಅಲ್ಲೇ ಹೇಳುವೆ, ಮುಗಿಯಿತು. ವಾರವೆಲ್ಲ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತೂಕಾಡಿಸಿ ತಂದು ಬೆಂಚಿನ ಮೇಲೆ ಸುರಿಯಲು ಏನೂ ಉಳಿಯುತ್ತಿರಲಿಲ್ಲ. "ಹೆಂಗೈತೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದೆ. ಪಾವಗಡದಲ್ಲಿ ಚೆನ್ನಾಗಿದೆ ಎಂದು ನಾನು ಹೇಳಿ ತಪ್ಪಿಸಿಕೊಂಡಿದ್ದರೆ ಆ ಚೀಫ್ ನನ್ನನ್ನು ಬಿಡುತ್ತಿದ್ದರಾ?

ದೀಪಾವಳಿಯ ಹೊತ್ತಿಗೆ ಇಬ್ಬರೂ ಪುಸ್ತಕ ಮುಟ್ಟುವುದು ನಿಂತಿತ್ತು. ಗ್ಯಾಸು, ಕರೆಂಟ್ ಬಿಲ್ಲು, ಮಂಡಿಯ ಎಣ್ಣೆ ತಮ್ಮ ಜಾಗಕ್ಕೆ ವಾಪಸ್ ಬಂದವು. ಅವರಿಗೆ ಹೆಡ್‌ಮಾಸ್ಟರ್ ಇನ್‌ಚಾರ್ಜ್ ಬಂತು. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಆ ಕೊನೆಯ ಕಾದಂಬರಿ ಶೆಲ್ಫಿನಲ್ಲಿ ಉಳಿಯಿತು, ಹಿಂದಿನ ಹಾಳೆಯಲ್ಲಿ ನನ್ನ ಕೆಂಪು ಅರವತ್ತೊಂದು ಮಾತ್ರ. ಅದರ ದೂಳು ಒರೆಸಿ ಅಲ್ಲೇ ಇಡುತ್ತಿದ್ದೆ. ಓದಿ ಎಂದು ಅವರಿಗೆ ಕೊಡಬಹುದಿತ್ತು. ಕೊಟ್ಟು, ಅವರು ಬದಿಗಿಟ್ಟರೆ? ಅದಕ್ಕೆ ಕೊಡಲಿಲ್ಲ.

ಅದಾಗಿ ಏಳೆಂಟು ವರ್ಷದ ಮೇಲೆ ಬೆಳುಗುಪ್ಪದಲ್ಲಿ ತೆಲುಗು ಮೇಡಂ ಮಗಳ ಮದುವೆಗೆ ಹೋಗಬೇಕಾಯಿತು. ಹಳೆಯ ದಾರಿಯೇ. ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಕಲ್ಯಾಣದುರ್ಗದ ಬಸ್ಸು ಹೊರಡಲು ಹೊತ್ತಿತ್ತು. ಬ್ಯಾಗುಗಳನ್ನು ಸೀಟಿನ ಮೇಲಿಟ್ಟು ಕೆಳಗಿಳಿದೆವು. ಕ್ಯಾಂಟೀನು ಬಣ್ಣ ಬದಲಾಯಿಸಿತ್ತು, ಕಲ್ಲು ಬೆಂಚು ಅಲ್ಲೇ ಇತ್ತು. ಇಬ್ಬರೂ ಅದರ ಮೇಲೆ ಕೂತೆವು. ನಮ್ಮವರು ಟೀ ತಂದರು.

"ಆವಾಗ ನಿಂಗೆ ಹಿಂದೂಪುರಕ್ಕೆ ಬರ್ಬೇಕು ಅಂತ ಭಾಳ ಆಸೆ ಇತ್ತಲ್ಲ" ಎಂದರು, ಸುಮ್ಮನೆ ಮಾತಿಗೆ.

"ನನಗೆಲ್ಲಿತ್ತು? ನಿಮಗಿತ್ತು."

ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಂಗಾ? ನಾನು ಆ ಅರ್ಜಿ ತುಂಬ್ಸಿ ಎಷ್ಟು ದಿನ ಜೇಬಲ್ಲೇ ಇಟ್ಕೊಂಡು ತಿರುಗ್ದೆ ಗೊತ್ತಾ? ತರದೆ ಇದ್ರೆ ನೀನೇನಂದ್ಕೋತೀಯೋ ಅಂತ ತಂದೆ ಕಣೇ. ಬ್ಯಾಡ ಅಂತೀಯೇನೋ ಅಂತ ನಿನ್ ಬಾಯೇ ನೋಡ್ತಾ ಇದ್ದೆ."

"ನಾನೂ ನಿಮ್ಮ ಬಾಯೇ ನೋಡ್ತಿದ್ದೆ."

ಅವರು ಲೋಟವನ್ನು ಮತ್ತೆ ಕೈಗೆತ್ತಿಕೊಂಡರು.

"ಆ ಅಣ್ಣ ತಂಗಿ ಪುಸ್ತಕಕ್ಕೆ ಎಷ್ಟು ಕೊಟ್ಟಿದ್ದೆ ನೀನು?" ಎಂದರು.

"ಮೂವತ್ತನಾಲ್ಕು."

ಅವರು ನಕ್ಕರು. ನನಗೆ ನಗಲು ಆಗಲಿಲ್ಲ. ಈಗಲಾದರೂ ಬಾಯಿ ಬಿಡಬೇಕು ಎಂದು ಕೇಳಿದೆ.

"ಮುಂದಿನ ಶನಿವಾರ ಬರೋಣ್ವಾ ಇಲ್ಲಿಗೆ? ಒಂದು ಪುಸ್ತಕ ತಗೊಂಡು?"

ಅವರು ನಿಂತಿದ್ದ ಬಸ್ಸಿನ ಕಡೆ ನೋಡಿದರು. ಲೆಕ್ಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಸ್ಟೆಪ್ ಬಿಡದೆ ನೋಡುವಾಗಿನ ಮುಖ ಅದು, ನನಗೆ ಗೊತ್ತು.

"ಒಂದೇ ಮನೆಗೆ ಬೀಗ ಹಾಕ್ಕೊಂಡು, ಒಂದೇ ಬಸ್ಸಲ್ಲಿ ಪಕ್ಕಪಕ್ಕ ಕೂತ್ಕೊಂಡು ಬತ್ತೀವಿ" ಎಂದರು. "ಇಲ್ಲಿ ಇಳ್ದು ಏನು ಹೇಳ್ಕಳಾನ, ಹೇಳು."

ಬೀದಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ ಅದನ್ನು ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು. ನಾನು ಏನಾದರೂ ಅನ್ನುತ್ತೇನೇನೋ ಎಂದು ಸ್ವಲ್ಪ ಹೊತ್ತು ಕಾದರು. ಕಂಡಕ್ಟರ್ ಸೀಟಿ ಊದಿದ. ಎದ್ದು ಹೋಗಿ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕದ ಜಾಗವನ್ನು ಅವರು ನನಗೇ ಬಿಟ್ಟುಕೊಟ್ಟರು.